ಶ್ರೇಣಿಯ ಗರಿಷ್ಠ ಮೀರಿದ ವೇತನ: ಕೆಳಹುದ್ದೆಗೆ ಬಂದ ಚಾಲಕರೊಬ್ಬರ ಪ್ರಕರಣ

ಸರ್ಕಾರಿ ನೌಕರರೊಬ್ಬರು ಮೇಲಿನ ಹುದ್ದೆಯಿಂದ ಕೆಳಗಿನ ಹುದ್ದೆಗೆ ಬಂದಾಗ, ಅವರು ಆವರೆಗೆ ಪಡೆಯುತ್ತಿದ್ದ ಮೂಲ ವೇತನವು ಹೊಸ ಹುದ್ದೆಯ ವೇತನ ಶ್ರೇಣಿಯ ಗರಿಷ್ಠಕ್ಕಿಂತ ಹೆಚ್ಚಿದ್ದರೆ ಏನಾಗುತ್ತದೆ? ಹೆಚ್ಚಿನ ಮೊತ್ತವನ್ನು ಉಳಿಸಿಕೊಡಬೇಕೆ, ಗರಿಷ್ಠಕ್ಕೆ ಇಳಿಸಬೇಕೆ, ವೈಯಕ್ತಿಕ ವೇತನವೆಂದು ಬೇರೆಯಾಗಿ ತೋರಿಸಬೇಕೆ? ಲೆಕ್ಕಪತ್ರ ಶಾಖೆಗಳಲ್ಲಿ ಈ ಪ್ರಶ್ನೆಯನ್ನು ಬಹುತೇಕ ಗಣಿತದ ಪ್ರಶ್ನೆಯಾಗಿಯೇ ನೋಡಲಾಗುತ್ತದೆ. ನೌಕರರು ಯಾವ ಕಾರಣಕ್ಕೆ ಕೆಳಗೆ ಬಂದರು ಎಂಬುದು ಆದೇಶದಲ್ಲಿ ಹೇಗೆ ದಾಖಲಾಗಿದೆ ಎಂಬುದೇ ಉತ್ತರವನ್ನು ನಿರ್ಧರಿಸುತ್ತದೆ ಎಂಬುದನ್ನು ತೋರಿಸುವ ಪ್ರಕರಣವೊಂದು ಇಲ್ಲಿದೆ. ನೌಕರರ ಹೆಸರು, ಕಚೇರಿ ಮತ್ತು ಊರನ್ನು ಬಿಟ್ಟಿದ್ದೇನೆ. ಗುರುತು ಹಿಡಿಯಬಹುದಾದ ಕೆಲವು ವಿವರಗಳನ್ನು ಬದಲಿಸಿದ್ದೇನೆ. ವೇತನದ ಅಂಕಿಗಳು ಮಾತ್ರ ಏಳನೇ ಕೇಂದ್ರ ವೇತನ ಆಯೋಗದ ವೇತನ ಕೋಷ್ಟಕವಾದ ಪೇ ಮ್ಯಾಟ್ರಿಕ್ಸ್‌ನಲ್ಲಿ ಇರುವಂತೆಯೇ ಇವೆ.

ಹಿನ್ನೆಲೆ

ಇವರು ಕರ್ನಾಟಕದಲ್ಲಿರುವ ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಸ್ಟಾಫ್ ಕಾರ್ ಚಾಲಕರಾಗಿದ್ದವರು. ಕೇಂದ್ರದ ಚಾಲಕರ ಬಡ್ತಿ ಯೋಜನೆಯಲ್ಲಿ ಸಾಮಾನ್ಯ ದರ್ಜೆ, ಎರಡನೇ ದರ್ಜೆ, ಒಂದನೇ ದರ್ಜೆ, ವಿಶೇಷ ದರ್ಜೆ ಎಂದು ನಾಲ್ಕು ಮೆಟ್ಟಿಲುಗಳಿದ್ದು, ಕೊನೆಯದಕ್ಕೆ ಮೀಸಲಾಗಿರುವುದು ಒಟ್ಟು ಹುದ್ದೆಗಳ ಶೇ. 5 ಮಾತ್ರ. ಇವರು ಆ ಕೊನೆಯ ಮೆಟ್ಟಿಲನ್ನೂ ಕ್ರಮಬದ್ಧ ಬಡ್ತಿಯಿಂದಲೇ ಏರಿ, ಆ ಕೋಷ್ಟಕದ ಲೆವೆಲ್ 6 ಎಂಬ ವೇತನ ಶ್ರೇಣಿಯಲ್ಲಿದ್ದರು. 2022ರ ಜುಲೈ ತಿಂಗಳ ವಾರ್ಷಿಕ ವೇತನ ಬಡ್ತಿಯ ನಂತರ ಅವರ ಮೂಲ ವೇತನ 64,100 ರೂಪಾಯಿ ಆಗಿತ್ತು.

ಅದೇ ವರ್ಷ ದೃಷ್ಟಿಯ ತೊಂದರೆ ಕಾಣಿಸಿಕೊಂಡಿತು. ಎದುರಿಗಿರುವುದು ಸ್ಪಷ್ಟವಾಗಿಯೇ ಕಾಣುತ್ತಿತ್ತು, ಪಕ್ಕದಿಂದ ನುಗ್ಗುವ ದ್ವಿಚಕ್ರ ವಾಹನ ಮಾತ್ರ ತೀರಾ ಹತ್ತಿರ ಬರುವವರೆಗೆ ಕಣ್ಣಿಗೆ ಬೀಳುತ್ತಿರಲಿಲ್ಲ. ಮೊದಲ ಕೆಲವು ತಿಂಗಳು ಅವರು ಯಾರಿಗೂ ಹೇಳದೆ ರಾತ್ರಿ ಡ್ಯೂಟಿಯನ್ನು ಜೊತೆಯವರಿಗೆ ಬಿಟ್ಟುಕೊಟ್ಟು ಹಗಲಿನ ಟ್ರಿಪ್‌ಗಳನ್ನಷ್ಟೇ ತೆಗೆದುಕೊಳ್ಳುತ್ತಿದ್ದರು ಎಂಬುದು ವಾಹನದ ಲಾಗ್ ಬುಕ್ ತಿರುವಿದರೆ ಗೊತ್ತಾಗುತ್ತದೆ. ಪರೀಕ್ಷೆಯಲ್ಲಿ ಎರಡೂ ಕಣ್ಣಿಗೆ ಗ್ಲಾಕೋಮಾ ಇರುವುದು, ದೃಷ್ಟಿಯ ವ್ಯಾಪ್ತಿ ಬಹಳಷ್ಟು ಕುಗ್ಗಿರುವುದು ದೃಢಪಟ್ಟಿತು. ವೈದ್ಯಕೀಯ ಮಂಡಳಿಯು ಇವರು ವಾಹನ ಚಾಲನೆಗೆ ಶಾಶ್ವತವಾಗಿ ಅನರ್ಹರು, ಬೇರೆ ಕೆಲಸಕ್ಕೆ ಅರ್ಹರು ಎಂದು ವರದಿ ಕೊಟ್ಟಿತು.

ಕೆಳಹುದ್ದೆಗೆ ಬಂದ ಬಗೆ

ಕಚೇರಿಯವರಿಗೆ ಇವರನ್ನು ಕಳೆದುಕೊಳ್ಳುವ ಇಚ್ಛೆ ಇರಲಿಲ್ಲ, ತೊಂದರೆ ಕೊಡುವ ಉದ್ದೇಶವೂ ಇರಲಿಲ್ಲ. ಉಗ್ರಾಣ ವಿಭಾಗದಲ್ಲಿ ಲೆವೆಲ್ 2ರ ಸಹಾಯಕ ಹುದ್ದೆಯೊಂದು ಖಾಲಿ ಇತ್ತು. ಅಲ್ಲಿಗೆ ಕಳುಹಿಸಲು ಅಡ್ಡಿಯಾಗಿದ್ದುದು ಕೇಂದ್ರ ನೌಕರರ ಮೂಲ ಸೇವಾ ನಿಯಮಗಳ (ಫಂಡಮೆಂಟಲ್ ರೂಲ್ಸ್) ಎಫ್‌ಆರ್ 15(ಎ). ಅಸಮರ್ಥತೆ ಅಥವಾ ದುರ್ನಡತೆಯ ಕಾರಣಕ್ಕೆ, ಇಲ್ಲವೇ ನೌಕರರ ಲಿಖಿತ ಕೋರಿಕೆಯ ಮೇರೆಗೆ ಹೊರತು ಯಾರನ್ನೂ ಅವರು ಹಕ್ಕು ಹೊಂದಿರುವ ಹುದ್ದೆಗಿಂತ ಕಡಿಮೆ ವೇತನದ ಹುದ್ದೆಗೆ ವರ್ಗಾಯಿಸುವಂತಿಲ್ಲ ಎನ್ನುತ್ತದೆ ಆ ನಿಯಮ. ನೌಕರರ ರಕ್ಷಣೆಗೆಂದೇ ಇರುವ ನಿಯಮವಿದು. ಇಲ್ಲಿ ಅದನ್ನು ದಾಟಲು ಸುಲಭದ ದಾರಿಯೊಂದು ಸಿಕ್ಕಿತು: ಲಿಖಿತ ಕೋರಿಕೆ ಬೇಕಿದ್ದರೆ ಬರೆಸಿಕೊಂಡರಾಯಿತು.

ಆಡಳಿತ ಶಾಖೆಯ ಗುಮಾಸ್ತರೊಬ್ಬರು ಅರ್ಜಿಯನ್ನು ತಾವೇ ಟೈಪ್ ಮಾಡಿ ತಂದರು. "ಇಷ್ಟಕ್ಕೆ ಸೈನ್ ಹಾಕಿಬಿಡಿ ಅಣ್ಣಾ, ಆರ್ಡರ್ ಬೇಗ ಆಗುತ್ತೆ, ಸಂಬಳಕ್ಕೇನೂ ತೊಂದರೆ ಆಗಲ್ಲ" ಎಂದು ಅವರು ಹೇಳಿದ್ದಾಗಿ ಚಾಲಕರು ನೆನೆಸಿಕೊಳ್ಳುತ್ತಾರೆ. ಅನಾರೋಗ್ಯದ ನಿಮಿತ್ತ ಸ್ವಇಚ್ಛೆಯಿಂದ ಕೆಳಹುದ್ದೆಯನ್ನು ಕೋರುತ್ತಿದ್ದೇನೆ ಎಂಬ ಒಕ್ಕಣೆಯಿದ್ದ ಆ ಹಾಳೆಗೆ ಅವರು ಸಹಿ ಹಾಕಿದರು. ಆದೇಶವೂ ಅದೇ ಧಾಟಿಯಲ್ಲಿ, ಸ್ವಂತ ಕೋರಿಕೆಯ ಮೇರೆಗೆ ಎಫ್‌ಆರ್ 15(ಎ) ಅಡಿಯಲ್ಲಿ ವರ್ಗಾವಣೆ ಎಂದು ಹೊರಬಿತ್ತು. 2022ರ ನವೆಂಬರ್ 1ರಂದು ಅವರು ಉಗ್ರಾಣದಲ್ಲಿ ಹಾಜರಾದರು.

ವೇತನ ನಿಗದಿ

ಲೆವೆಲ್ 2ರ ಶ್ರೇಣಿ 19,900 ರೂಪಾಯಿಯಿಂದ ಆರಂಭವಾಗಿ 63,200 ರೂಪಾಯಿಗೆ ಮುಗಿಯುತ್ತದೆ. ಚಾಲಕರ ವೇತನ ಅದಕ್ಕಿಂತ 900 ರೂಪಾಯಿ ಹೆಚ್ಚಿತ್ತು. ಇಂಥ ಸಂದರ್ಭಕ್ಕೆಂದೇ ಸಿಬ್ಬಂದಿ ಮತ್ತು ತರಬೇತಿ ಇಲಾಖೆಯು 2017ರ ಮಾರ್ಚ್ 31ರಂದು ಹೊರಡಿಸಿದ ಕಚೇರಿ ಜ್ಞಾಪನವಿದೆ. ಸ್ವಂತ ಕೋರಿಕೆಯ ಮೇಲೆ ಕೆಳಹುದ್ದೆಗೆ ಬಂದವರ ವೇತನವನ್ನು ಮೇಲಿನ ಹುದ್ದೆಯಲ್ಲಿ ಪಡೆಯುತ್ತಿದ್ದ ಹಂತಕ್ಕೆ ಸಮನಾಗಿ ನಿಗದಿಪಡಿಸಬೇಕು. ಅಂಥ ಹಂತ ಇಲ್ಲದಿದ್ದರೆ ಅದರ ಕೆಳಗಿನ ಹಂತಕ್ಕೆ ನಿಲ್ಲಿಸಿ, ವ್ಯತ್ಯಾಸವನ್ನು ಮುಂದಿನ ವೇತನ ಬಡ್ತಿಗಳಲ್ಲಿ ಕರಗಿಹೋಗುವ ವೈಯಕ್ತಿಕ ವೇತನವಾಗಿ ಕೊಡಬಹುದು. ಕೆಳಹುದ್ದೆಯ ಲೆವೆಲ್‌ನ ಗರಿಷ್ಠವೇ ಹಳೆಯ ವೇತನಕ್ಕಿಂತ ಕಡಿಮೆಯಿದ್ದರೆ ಮಾತ್ರ ವೇತನವನ್ನು ಆ ಗರಿಷ್ಠಕ್ಕೆ ಮಿತಿಗೊಳಿಸಬೇಕು ಎಂಬುದು ಅದರ ಸಾರ.

ವೇತನ ನಿಗದಿ ಮಾಡಿದವರು ಎರಡನೇ ಭಾಗವನ್ನು ಓದಿ, ಮೂರನೆಯದನ್ನು ಬಿಟ್ಟರು. ಮೂಲ ವೇತನ 63,200, ವೈಯಕ್ತಿಕ ವೇತನ 900 ಎಂದು ಸೇವಾ ಪುಸ್ತಕದಲ್ಲಿ ನಮೂದಾಯಿತು. ಮುಂದಿನ ಬಡ್ತಿಗಳಲ್ಲಿ ಕರಗಬೇಕಾದ ಮೊತ್ತವನ್ನು, ಮುಂದೆ ಬಡ್ತಿಯೇ ಇಲ್ಲದ ಗರಿಷ್ಠ ಹಂತದಲ್ಲಿ ಕೊಡುತ್ತಿದ್ದೇವೆ ಎಂಬುದನ್ನು ಗಮನಿಸಿದ್ದರೆ, ಆ ವಾಕ್ಯ ಈ ಪ್ರಕರಣಕ್ಕೆ ಸೇರಿದ್ದಲ್ಲ ಎಂದು ಅಲ್ಲೇ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಒಟ್ಟು ಮೊತ್ತ ಮೊದಲಿನಷ್ಟೇ ಬರುತ್ತಿದ್ದುದರಿಂದ ಚಾಲಕರಿಗೂ ಸಂಶಯ ಬರಲಿಲ್ಲ. 2023ರ ಜುಲೈನಲ್ಲಿ ವೇತನ ಬಡ್ತಿ ಬರಲಿಲ್ಲ, 2024ರ ಜುಲೈನಲ್ಲೂ ಬರಲಿಲ್ಲ. ಕೇಳಿದ್ದಕ್ಕೆ ಶ್ರೇಣಿ ಮುಗಿದಿದೆ ಎಂಬ ಉತ್ತರ ಸಿಕ್ಕಿತು, ಅದು ನಿಜವೂ ಆಗಿತ್ತು.

ಆಡಿಟ್ ಆಕ್ಷೇಪಣೆ

2025ರ ಆರಂಭದಲ್ಲಿ ಬಂದ ಆಡಿಟ್ ತಂಡವು ಮೂರನೇ ವಾಕ್ಯವನ್ನು ಓದಿತು. ವೈಯಕ್ತಿಕ ವೇತನ ಕೊಡಲು ಅವಕಾಶವೇ ಇರಲಿಲ್ಲವಾದ್ದರಿಂದ, 2022ರ ನವೆಂಬರ್‌ನಿಂದ 2025ರ ಫೆಬ್ರುವರಿವರೆಗಿನ 28 ತಿಂಗಳಿಗೆ ಒಟ್ಟು 25,200 ರೂಪಾಯಿ ಹೆಚ್ಚುವರಿ ಪಾವತಿಯಾಗಿದೆ, ವಸೂಲು ಮಾಡಬೇಕು ಎಂದು ಆಕ್ಷೇಪಣೆ ಬರೆಯಿತು. ಮಾರ್ಚ್‌ನಿಂದ 900 ರೂಪಾಯಿ ನಿಂತಿತು. ವಸೂಲಾತಿಯ ನೋಟಿಸೂ ಕೈಸೇರಿತು. ನಿವೃತ್ತಿಗೆ ಆಗ ಉಳಿದಿದ್ದುದು ಒಂದು ವರ್ಷದ ಮೇಲೆ ಕೆಲವೇ ತಿಂಗಳು.

ಮೊದಲ ಪ್ರಯತ್ನ: ವಸೂಲಾತಿಗೆ ತಡೆ

ಸಹಜವಾಗಿಯೇ ಎಲ್ಲರ ಗಮನ 25,200 ರೂಪಾಯಿಯ ಮೇಲೆ ಹೋಯಿತು. ನೌಕರರ ಸಂಘದವರು ಬರೆದುಕೊಟ್ಟ ಮನವಿ ನಿಂತಿದ್ದುದು ಪಂಜಾಬ್ ಸರ್ಕಾರದ ನೌಕರರಿಗೆ ಸಂಬಂಧಿಸಿ ಸುಪ್ರೀಂ ಕೋರ್ಟ್ 2014ರ ಡಿಸೆಂಬರ್‌ನಲ್ಲಿ ನೀಡಿದ, ಸರ್ಕಾರಿ ನೌಕರರ ವಲಯದಲ್ಲಿ ವೈಟ್ ವಾಷರ್ ತೀರ್ಪು ಎಂದೇ ಕರೆಯಲಾಗುವ ತೀರ್ಪಿನ ಮೇಲೆ. ನೌಕರರ ಕಡೆಯಿಂದ ತಪ್ಪು ಮಾಹಿತಿ ಇಲ್ಲದೆ ಹೆಚ್ಚು ಪಾವತಿಯಾಗಿದ್ದಾಗ, ಗ್ರೂಪ್ ಸಿ ಮತ್ತು ಡಿ ನೌಕರರಿಂದ, ನಿವೃತ್ತರಾದವರಿಂದ ಅಥವಾ ವರ್ಷದೊಳಗೆ ನಿವೃತ್ತರಾಗುವವರಿಂದ, ಐದು ವರ್ಷಕ್ಕೂ ಹೆಚ್ಚು ಕಾಲ ಆದ ಪಾವತಿಯ ಬಾಬತ್ತಿನಿಂದ ವಸೂಲು ಮಾಡುವುದು ಸಲ್ಲದು ಎಂಬಂಥ ಸನ್ನಿವೇಶಗಳನ್ನು ಆ ತೀರ್ಪು ಹೆಸರಿಸಿದೆ. ಕೇಂದ್ರ ಸರ್ಕಾರ 2016ರ ಮಾರ್ಚ್ 2ರ ಜ್ಞಾಪನದಲ್ಲಿ ಅದನ್ನು ಒಪ್ಪಿಕೊಂಡಿದೆ. ಲೆವೆಲ್ 2 ಗ್ರೂಪ್ ಸಿ ಹುದ್ದೆ; ಆದ್ದರಿಂದ ಮನವಿಗೆ ಬಲವಿತ್ತು.

ಲೆಕ್ಕಪತ್ರ ಶಾಖೆ ಸುಮ್ಮನಾಗಲಿಲ್ಲ. ವೇತನ ಪರಿಷ್ಕರಣೆಯ ಸಮಯದಲ್ಲಿ, ಹೆಚ್ಚು ಪಾವತಿಯಾದರೆ ಹಿಂದಿರುಗಿಸುತ್ತೇನೆ ಎಂದು ಎಲ್ಲ ನೌಕರರಂತೆ ಇವರೂ ಮುಚ್ಚಳಿಕೆ ಬರೆದುಕೊಟ್ಟಿದ್ದರು. ಅಂಥ ಮುಚ್ಚಳಿಕೆ ಕೊಟ್ಟವರು ಅದಕ್ಕೆ ಬದ್ಧರು ಎಂದು 2016ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಇನ್ನೊಂದು ಪ್ರಕರಣದಲ್ಲಿ ಹೇಳಿರುವುದನ್ನು ಶಾಖೆ ಎತ್ತಿ ತೋರಿಸಿತು. ಆ ಪ್ರಕರಣ ನ್ಯಾಯಾಂಗ ಅಧಿಕಾರಿಯೊಬ್ಬರದು, ಗ್ರೂಪ್ ಸಿ ನೌಕರರದಲ್ಲ. ಮುಚ್ಚಳಿಕೆ ಕೊಟ್ಟಿದ್ದೂ ವೇತನ ಪರಿಷ್ಕರಣೆಗೆ, ಕೆಳಹುದ್ದೆಯ ವೇತನ ನಿಗದಿಗಲ್ಲ ಎಂಬ ಪ್ರತ್ಯುತ್ತರ ಹೋಯಿತು. ಪತ್ರಗಳು ಓಡಾಡಿದವು, ವಸೂಲಾತಿ ತಾತ್ಕಾಲಿಕವಾಗಿ ನಿಂತಿತು.

ಈ ಹಂತದಲ್ಲಿ ಮನವಿ ಪೂರ್ತಿ ಗೆದ್ದಿದ್ದರೂ ಉಳಿಯುತ್ತಿದ್ದುದು 25,200 ರೂಪಾಯಿ. ವಸೂಲಾತಿ ತಪ್ಪಿದರೂ ವೇತನ 63,200ಕ್ಕೇ ನಿಲ್ಲುತ್ತಿತ್ತು, ಏಕೆಂದರೆ ಸ್ವಂತ ಕೋರಿಕೆಯ ಚೌಕಟ್ಟಿನೊಳಗೆ ಆಡಿಟ್‌ನವರ ಓದು ಸಂಪೂರ್ಣ ಸರಿಯಾಗಿತ್ತು. ಚೌಕಟ್ಟೇ ತಪ್ಪಲ್ಲವೆ ಎಂದು ಅದುವರೆಗೆ ಯಾರೂ ಕೇಳಿರಲಿಲ್ಲ.

ತಿರುವು

ಆ ಪ್ರಶ್ನೆ ಕೇಳಿದವರು ಕಡತ ನೋಡಿ ಪಳಗಿದ್ದ, ನಿವೃತ್ತ ಸೆಕ್ಷನ್ ಆಫೀಸರೊಬ್ಬರು. ತೀರ್ಪುಗಳ ಪ್ರತಿಗಳನ್ನು ಪಕ್ಕಕ್ಕಿಟ್ಟು ಅವರು ಕೇಳಿದ್ದು 2022ರ ಟಿಪ್ಪಣಿ ಹಾಳೆಗಳನ್ನು. ಮಾಹಿತಿ ಹಕ್ಕಿನ ಅರ್ಜಿ ಹಾಕಿ ಪ್ರತಿ ತರಿಸಿದಾಗ ಘಟನೆಗಳ ಅನುಕ್ರಮ ಬಯಲಾಯಿತು. ಮೊದಲು ವೈದ್ಯಕೀಯ ಮಂಡಳಿಯ ವರದಿ ಬಂದಿದೆ. ಅದರ ಕೆಳಗೆ, ಇವರನ್ನು ಚಾಲಕ ಹುದ್ದೆಯಲ್ಲಿ ಮುಂದುವರಿಸಲಾಗದು, ಉಗ್ರಾಣದ ಖಾಲಿ ಹುದ್ದೆಗೆ ಕೋರಿಕೆ ಪಡೆಯಬಹುದು ಎಂಬ ಟಿಪ್ಪಣಿಯಿದೆ. ಅದಕ್ಕೆ ಅಧಿಕಾರಿಯ ಅನುಮೋದನೆಯಿದೆ. ಚಾಲಕರ ಅರ್ಜಿ ಬಂದಿರುವುದು ಅದರ ನಂತರ. ಕೋರಿಕೆ ಹುಟ್ಟಿದ್ದು ಕಚೇರಿಯಲ್ಲಿ, ಚಾಲಕರು ಅದಕ್ಕೆ ಸಹಿ ಮಾತ್ರ ಹಾಕಿದ್ದರು.

ಇದರಿಂದ ಪ್ರಕರಣ ಎಫ್‌ಆರ್‌ನ ಅಂಗಳದಿಂದ ಬೇರೊಂದು ಕಾನೂನಿನ ಅಂಗಳಕ್ಕೆ ಬಂತು. 2017ರ ಏಪ್ರಿಲ್ 19ರಿಂದ ಜಾರಿಯಲ್ಲಿರುವ ವಿಕಲಚೇತನರ ಹಕ್ಕುಗಳ ಅಧಿನಿಯಮ, 2016ರ 20(4)ನೇ ಪ್ರಕರಣದ (ಸೆಕ್ಷನ್) ಪ್ರಕಾರ ಸೇವೆಯಲ್ಲಿರುವಾಗ ಅಂಗವೈಕಲ್ಯಕ್ಕೆ ಒಳಗಾದ ನೌಕರರನ್ನು ಸರ್ಕಾರಿ ಸಂಸ್ಥೆಯು ತೆಗೆದುಹಾಕುವಂತಿಲ್ಲ, ಅವರ ದರ್ಜೆಯನ್ನು ಇಳಿಸುವಂತಿಲ್ಲ. ಇದ್ದ ಹುದ್ದೆಗೆ ಅವರು ಸೂಕ್ತರಲ್ಲದಿದ್ದರೆ ಅದೇ ವೇತನ ಶ್ರೇಣಿ ಮತ್ತು ಸೇವಾ ಸೌಲಭ್ಯಗಳೊಂದಿಗೆ ಬೇರೆ ಹುದ್ದೆಗೆ ಬದಲಿಸಬೇಕು. ಅಂಥ ಹುದ್ದೆ ಸಿಗದಿದ್ದರೆ, ಸಿಗುವವರೆಗೆ ಅಥವಾ ನಿವೃತ್ತಿಯವರೆಗೆ ಅವರಿಗಾಗಿಯೇ ಹೆಚ್ಚುವರಿಯಾಗಿ ಸೃಷ್ಟಿಸುವ ಸೂಪರ್‌ನ್ಯೂಮರರಿ ಹುದ್ದೆಯಲ್ಲಿ ಇಟ್ಟುಕೊಳ್ಳಬಹುದು. 1995ರ ಹಳೆಯ ಕಾನೂನಿನ 47ನೇ ಪ್ರಕರಣದಲ್ಲೂ ಇದೇ ರಕ್ಷಣೆ ಇತ್ತು.

ಇದನ್ನು ವೇತನದ ಭಾಷೆಯಲ್ಲಿ ಬಿಡಿಸಿ ನೋಡಿದರೆ ಮೂಲ ಪ್ರಶ್ನೆಯೇ ಕರಗಿಹೋಗುತ್ತದೆ. ಸ್ವಂತ ಕೋರಿಕೆಯಲ್ಲಿ ನೌಕರರು ಹುದ್ದೆಯ ಶ್ರೇಣಿಯೊಳಗೆ ಬಂದು ಕೂರಬೇಕು. 20(4)ರಲ್ಲಿ ನೌಕರರ ಶ್ರೇಣಿಯೇ ಅವರ ಜೊತೆಗೆ ಹೊಸ ಕೆಲಸಕ್ಕೆ ಬರುತ್ತದೆ. ಉಗ್ರಾಣದ ಕೆಲಸ ಲೆವೆಲ್ 2ರದ್ದಾದರೂ ಇವರ ಲೆವೆಲ್ 6 ಆಗಿಯೇ ಇರಬೇಕಿತ್ತು, ಮತ್ತು ಲೆವೆಲ್ 6ರಲ್ಲಿ 64,100 ಗರಿಷ್ಠವನ್ನು ಮೀರಿದ್ದಲ್ಲ. ಆ ಶ್ರೇಣಿ 1,12,400ರವರೆಗೆ ಹೋಗುತ್ತದೆ.

ನಿಜವಾದ ನಷ್ಟದ ಲೆಕ್ಕ ಆಗಷ್ಟೇ ಕಾಗದದ ಮೇಲೆ ಬಂತು. ಲೆವೆಲ್ 6ರಲ್ಲೇ ಇದ್ದಿದ್ದರೆ ಮೂಲ ವೇತನ 2023ರ ಜುಲೈಗೆ 66,000, 2024ಕ್ಕೆ 68,000, 2025ಕ್ಕೆ 70,000 ಆಗುತ್ತಿತ್ತು. 2004ಕ್ಕೆ ಮುಂಚೆ ಸೇರಿದವರಾದ್ದರಿಂದ ಇವರದು ಹಳೆಯ ಪಿಂಚಣಿ. ಕೊನೆಯ ವೇತನದ ಅರ್ಧದ ಲೆಕ್ಕದಲ್ಲಿ 35,000 ಬರಬೇಕಾದಲ್ಲಿ 31,600 ಬರುತ್ತಿತ್ತು. ತಿಂಗಳಿಗೆ 3,400 ರೂಪಾಯಿ, ಅದರ ಮೇಲೆ ತುಟ್ಟಿಭತ್ಯೆ, ಜೀವನಪರ್ಯಂತ, ನಂತರ ಕುಟುಂಬ ಪಿಂಚಣಿಯಲ್ಲೂ ಅದರ ನೆರಳು. ಗ್ರಾಚ್ಯುಟಿಯಲ್ಲಿ ತುಟ್ಟಿಭತ್ಯೆ ಸೇರಿಸದೆಯೇ 1,12,200 ರೂಪಾಯಿ ಖೋತಾ. ಎರಡೂ ಕಡೆಯವರು ಪತ್ರ ಬರೆದು ದಣಿದಿದ್ದ ಮೊತ್ತವು ಇದರ ಮುಂದೆ ಎಷ್ಟು ಚಿಕ್ಕದು ಎಂಬುದನ್ನು ನೋಡಿ ಚಾಲಕರು ಬಹಳ ಹೊತ್ತು ಮಾತಾಡಲಿಲ್ಲ ಎಂದು ಆ ನಿವೃತ್ತ ಅಧಿಕಾರಿ ಹೇಳಿದರು.

ಎರಡನೇ ಪ್ರಯತ್ನ

ಇಲ್ಲಿ ಮೂರು ನಿರ್ಧಾರಗಳು ಮುಖ್ಯವಾದವು. ಮೊದಲನೆಯದು ಪ್ರಮಾಣಪತ್ರ. ಅನರ್ಹತೆಯ ವರದಿ ಇದ್ದರೂ ಅಂಗವೈಕಲ್ಯದ ಪ್ರಮಾಣಪತ್ರವನ್ನು ಅವರು ಮಾಡಿಸಿರಲಿಲ್ಲ; ಕಣ್ಣು ಪೂರ್ತಿ ಹೋದವರಿಗೆ ಮಾತ್ರ ಅದು ಎಂದುಕೊಂಡಿದ್ದರು. ಗ್ಲಾಕೋಮಾದಿಂದ ದೃಷ್ಟಿ ವ್ಯಾಪ್ತಿ 40 ಡಿಗ್ರಿಗಿಂತ ಕೆಳಗೆ ಕುಗ್ಗಿದರೆ ಅದು ಮಂದದೃಷ್ಟಿಯ ವ್ಯಾಖ್ಯೆಯೊಳಗೆ ಬರುತ್ತದೆ. 2025ರ ಏಪ್ರಿಲ್‌ನಲ್ಲಿ ಪ್ರಮಾಣಪತ್ರ ಸಿಕ್ಕಿತು.

ಎರಡನೆಯದು ದಾರಿಯ ಆಯ್ಕೆ. ಕೇಂದ್ರ ಆಡಳಿತಾತ್ಮಕ ನ್ಯಾಯಮಂಡಳಿಗೆ ನೇರವಾಗಿ ಹೋಗಬಹುದಿತ್ತು; ಆದರೆ ಅಲ್ಲಿ ಒಂದು ವರ್ಷದ ಕಾಲಮಿತಿಯಿದ್ದು, 2022ರ ಆದೇಶವನ್ನು ಈಗ ಪ್ರಶ್ನಿಸುವುದೇಕೆ ಎಂಬ ತಕರಾರು ಏಳುವುದು ಖಚಿತವಾಗಿತ್ತು. ತಪ್ಪು ವೇತನ ನಿಗದಿಯು ಪ್ರತಿ ತಿಂಗಳೂ ಮುಂದುವರಿಯುವ ಅನ್ಯಾಯ ಎಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿರುವುದರಿಂದ ದಾವೆ ಪೂರ್ತಿ ಬೀಳುತ್ತಿರಲಿಲ್ಲವಾದರೂ, ನಿವೃತ್ತಿಯ ದಿನ ದಾವೆಯ ನಡುವೆಯೇ ಬಂದುಬಿಡುವ ಸಾಧ್ಯತೆ ಹೆಚ್ಚಿತ್ತು. ಆದ್ದರಿಂದ 2016ರ ಅಧಿನಿಯಮದ 23ನೇ ಪ್ರಕರಣದಡಿ ಪ್ರತಿ ಸರ್ಕಾರಿ ಸಂಸ್ಥೆಯೂ ನೇಮಿಸಬೇಕಾದ ಕುಂದುಕೊರತೆ ನಿವಾರಣಾ ಅಧಿಕಾರಿಗೆ ದೂರು ಸಲ್ಲಿಸಲು ನಿರ್ಧರಿಸಿದರು. ನೋಂದಾಯಿತ ದೂರನ್ನು ಎರಡು ವಾರದೊಳಗೆ ವಿಚಾರಣೆಗೆ ತೆಗೆದುಕೊಳ್ಳಬೇಕು ಎಂಬುದು ಕಾನೂನು.

ಮೂರನೆಯದು ವಾದದ ಧಾಟಿ, ನನ್ನ ಮಟ್ಟಿಗೆ ಇದೇ ಇಡೀ ಪ್ರಕರಣದ ಜಾಣ್ಮೆಯ ಭಾಗ. ಗುಮಾಸ್ತರು ಮೋಸ ಮಾಡಿದರು, ಒತ್ತಾಯದಿಂದ ಸಹಿ ಪಡೆದರು ಎಂದು ಒಂದಕ್ಷರವನ್ನೂ ಬರೆಯಲಿಲ್ಲ. ಹಾಗೆ ಬರೆದಿದ್ದರೆ ಒತ್ತಾಯವನ್ನು ರುಜುವಾತುಪಡಿಸುವ ಹೊರೆ ಇವರ ತಲೆಗೆ ಬರುತ್ತಿತ್ತು, ಕಚೇರಿಯೂ ತನ್ನವರನ್ನು ಉಳಿಸಿಕೊಳ್ಳಲು ನಿಲ್ಲುತ್ತಿತ್ತು. ಬದಲಿಗೆ ಸಹಿ ತನ್ನದೇ ಎಂದು ಒಪ್ಪಿಕೊಂಡು, ಕಾನೂನು ಕೊಟ್ಟಿರುವ ರಕ್ಷಣೆಯನ್ನು ತಿಳಿಸದೆ ಪಡೆದ ಕೋರಿಕೆಯಿಂದ ಆ ರಕ್ಷಣೆ ಹೋಗುವುದಿಲ್ಲ ಎಂದು ವಾದಿಸಿದರು. ಪಂಜಾಬಿನ ವಿದ್ಯುತ್ ಮಂಡಳಿಯಲ್ಲಿ ದೃಷ್ಟಿ ಕಳೆದುಕೊಂಡ ಲೈನ್‌ಮನ್ ಒಬ್ಬರು ತಾವೇ ನಿವೃತ್ತಿ ಕೋರಿ ಪತ್ರ ಬರೆದಿದ್ದರೂ, ಅವರಿಗೆ ಹಕ್ಕುಗಳ ಅರಿವಿರಲಿಲ್ಲ, ತಿಳಿಸಿಹೇಳುವುದು ಅಧಿಕಾರಿಗಳ ಕರ್ತವ್ಯವಾಗಿತ್ತು ಎಂದು ಸುಪ್ರೀಂ ಕೋರ್ಟ್ 2008ರಲ್ಲಿ ಅವರ ಪರ ತೀರ್ಪು ಕೊಟ್ಟಿತ್ತು. ಅದು ನಿವೃತ್ತಿಯ ಕೋರಿಕೆ, ಇದು ಕೆಳಹುದ್ದೆಯ ಕೋರಿಕೆ, ತತ್ವ ಒಂದೇ.

ಕೋರಿಕೆಯಿಂದ ಬಂದ ಇಳಿಕೆಯನ್ನು ಬೇರೆಯಾಗಿ ನೋಡುವುದು ನಮ್ಮ ನಿಯಮಗಳಿಗಷ್ಟೇ ಸೀಮಿತವಲ್ಲ ಎಂಬುದನ್ನೂ ಇಲ್ಲಿ ಹೇಳಬಹುದು. ಅಮೆರಿಕದ ಫೆಡರಲ್ ನೌಕರರಲ್ಲಿ ಹುದ್ದೆಯ ದರ್ಜೆ ಇಳಿದು ವೇತನ ಹೊಸ ಶ್ರೇಣಿಯ ಗರಿಷ್ಠವನ್ನು ಮೀರಿದರೆ, ಆ ವೇತನವನ್ನು ಉಳಿಸಿ, ಶ್ರೇಣಿಯ ಗರಿಷ್ಠ ಏರಿದಾಗಲೆಲ್ಲ ಆ ಏರಿಕೆಯ ಅರ್ಧವನ್ನಷ್ಟೇ ಕೊಡುತ್ತ, ಶ್ರೇಣಿಯೇ ಅದನ್ನು ಹಿಡಿಯುವವರೆಗೆ ಕಾಯುವ ಏರ್ಪಾಡಿದೆ. ನೌಕರರ ಸ್ವಂತ ಕೋರಿಕೆಯಿಂದ ಇಳಿದವರಿಗೆ ಆ ರಕ್ಷಣೆ ಅಲ್ಲೂ ಇಲ್ಲ.

ಫಲಿತಾಂಶ

ಕಚೇರಿ ಎತ್ತಿದ ಮುಖ್ಯ ತಕರಾರು ದಿನಾಂಕದ್ದು: 2022ರಲ್ಲಿ ಪ್ರಮಾಣಪತ್ರವೇ ಇರಲಿಲ್ಲವಲ್ಲ? ಕಾನೂನು ಹೇಳುವುದು ಅಂಗವೈಕಲ್ಯಕ್ಕೆ ಒಳಗಾದವರ ಬಗ್ಗೆ, ಪ್ರಮಾಣಪತ್ರ ಪಡೆದವರ ಬಗ್ಗೆ ಅಲ್ಲ. ಶಾಶ್ವತ ಅನರ್ಹತೆಯನ್ನು 2022ರಲ್ಲೇ ಕಚೇರಿಯ ಕಡತ ಸೇರಿದ ವೈದ್ಯಕೀಯ ವರದಿಯೇ ಹೇಳಿದೆ ಎಂಬುದು ಇವರ ಉತ್ತರ. ಕಚೇರಿ ಅರ್ಧ ಒಪ್ಪಿತು. ಹಳೆಯ ಆದೇಶವನ್ನು ಮಾರ್ಪಡಿಸಿ, ಸ್ವಂತ ಕೋರಿಕೆಯ ಉಲ್ಲೇಖವನ್ನು ತೆಗೆದು 20(4)ನ್ನು ಸೇರಿಸಿತು. ಲೆವೆಲ್ 6ರ ಸೂಪರ್‌ನ್ಯೂಮರರಿ ಹುದ್ದೆಗೆ ಮಂಜೂರಾತಿ ಪಡೆಯಿತು. 2022ರ ನವೆಂಬರ್‌ನಿಂದ ವೇತನವನ್ನು ಕಾಲ್ಪನಿಕವಾಗಿ ಮರುನಿಗದಿ ಮಾಡಿ, ಹಣದ ರೂಪದ ಲಾಭವನ್ನು 2025ರ ಏಪ್ರಿಲ್ 1ರಿಂದ ಮಾತ್ರ ಕೊಟ್ಟಿತು. ಮರುನಿಗದಿಯ ಪ್ರಕಾರ ಇವರ ವೇತನ ಆರಂಭದಿಂದಲೂ ಕನಿಷ್ಠ 64,100 ಇರಬೇಕಾಗಿದ್ದುದರಿಂದ 900 ರೂಪಾಯಿ ಹೆಚ್ಚುವರಿ ಎಂಬ ಮಾತಿಗೇ ಆಧಾರ ಉಳಿಯಲಿಲ್ಲ, ಆಡಿಟ್ ಆಕ್ಷೇಪಣೆಯನ್ನು ಕೈಬಿಡಲಾಯಿತು.

ಕಾಲ್ಪನಿಕ ಅವಧಿಯಲ್ಲಿ ಅವರು ಬಿಟ್ಟುಕೊಟ್ಟದ್ದು ಮೂಲ ವೇತನದಲ್ಲೇ 58,800 ರೂಪಾಯಿ. ಈ ಷರತ್ತಿಗೆ 20(4)ರಲ್ಲಿ ಯಾವ ಆಧಾರವೂ ಇಲ್ಲ ಎಂಬುದು ನನ್ನ ಅಭಿಪ್ರಾಯ. ನ್ಯಾಯಮಂಡಳಿಗೆ ಹೋಗಿದ್ದರೆ ಸಿಗುವ ಸಾಧ್ಯತೆ ಚೆನ್ನಾಗಿಯೇ ಇತ್ತು. ಅವರು ಹೋಗಲಿಲ್ಲ. ಕೊನೆಯ ವೇತನ 70,000 ಎಂದು ದಾಖಲಾಗಿ ಪಿಂಚಣಿ ಕಾಗದಗಳು ತಕರಾರಿಲ್ಲದೆ ಸಾಗುವುದು ಅವರಿಗೆ ಮುಖ್ಯವಾಗಿತ್ತು, ಮತ್ತು ಬಾಕಿಗಾಗಿ ಹೂಡುವ ದಾವೆಯು ಮಾರ್ಪಾಡಾದ ಆದೇಶವನ್ನೇ ಮತ್ತೆ ಕಲಕಬಹುದು ಎಂಬ ಅಳುಕು ಆಧಾರರಹಿತವೇನಲ್ಲ.

ಇಂಥ ಪ್ರಕರಣ ಕೈಗೆ ಬಂದವರು ವೇತನದ ಕೋಷ್ಟಕ ತೆರೆಯುವ ಮೊದಲು ಆದೇಶದ ಮೊದಲ ಸಾಲನ್ನೂ, ಅದರ ಹಿಂದಿನ ಟಿಪ್ಪಣಿ ಹಾಳೆಯ ದಿನಾಂಕಗಳನ್ನೂ ನೋಡುವುದು ಒಳ್ಳೆಯದು. ವೈದ್ಯಕೀಯ ವರದಿಯ ಬೆನ್ನಿಗೇ ಕೋರಿಕೆಯ ಪತ್ರವಿದ್ದರೆ ಅಲ್ಲಿ ನಿಂತು ವಿಚಾರಿಸಬೇಕು. ರಾಜ್ಯ ಸರ್ಕಾರದ ನೌಕರರಿಗೆ ಎಫ್‌ಆರ್ ಅನ್ವಯಿಸುವುದಿಲ್ಲ. ಅವರ ವೇತನ ನಿಗದಿಯನ್ನು ಕರ್ನಾಟಕದ ಸೇವಾ ನಿಯಮಗಳಲ್ಲೇ ನೋಡಬೇಕು, ಗರಿಷ್ಠ ಮುಟ್ಟಿದವರಿಗೆ ಸ್ಥಗಿತ ವೇತನ ಬಡ್ತಿಯ ಏರ್ಪಾಡೂ ಅಲ್ಲಿ ಬೇರೆಯಾಗಿದೆ. ಆದರೆ 20(4) ಸರ್ಕಾರಿ ಸಂಸ್ಥೆಗಳೆಲ್ಲಕ್ಕೂ, ಎಂದರೆ ರಾಜ್ಯದ ಇಲಾಖೆಗಳಿಗೂ ಸರ್ಕಾರಿ ಸ್ವಾಮ್ಯದ ನಿಗಮಗಳಿಗೂ ಒಂದೇ ರೀತಿ ಅನ್ವಯಿಸುತ್ತದೆ. ಸ್ಟೀರಿಂಗ್ ಹಿಡಿಯಲಾಗದೆ ಡಿಪೋದ ಲಘು ಕೆಲಸಕ್ಕೆ ಕಳುಹಿಸಲ್ಪಟ್ಟ ಸಾರಿಗೆ ನಿಗಮದ ಚಾಲಕರೂ ತಮ್ಮ ಆದೇಶದ ಪ್ರತಿಯನ್ನು ಒಮ್ಮೆ ತೆಗೆದು, ತಮ್ಮನ್ನು ಯಾವ ನಿಯಮದಡಿ, ಯಾರ ಕೋರಿಕೆಯ ಮೇಲೆ ಬದಲಿಸಲಾಗಿದೆ ಎಂಬುದನ್ನು ಓದಿ ನೋಡಬಹುದು.